ಗೋಡೆಯ ಮೇಲೆ ಮಲಗಿದವಳು

ಹೋದ ವಾರ, ರಾಮನಗರದಲ್ಲಿ ನಾನು ಕೆಲಸಕ್ಕಿರುವ ಫೋಟೊ ಫ್ರೇಮಿನ ಅಂಗಡಿಗೆ ಒಬ್ಬರು ಉದ್ದನೆಯ ರಟ್ಟಿನ ಕೊಳವೆ ಹಿಡಿದು ಬಂದರು. ಮುಚ್ಚಳ ತೆಗೆದರೆ ಗಮ್ಮೆಂದು ಹೊಸ ಶಾಯಿಯ ವಾಸನೆ. ಒಳಗಿದ್ದದ್ದು ಯಾರೋ ದೊಡ್ಡ ಕಲಾವಿದನ ಚಿತ್ರದ ಪ್ರಿಂಟು, ಆನ್‌ಲೈನಿನಲ್ಲಿ ತರಿಸಿದ್ದಂತೆ. ಒಬ್ಬ ಹೆಂಗಸು ಮಲಗಿದ್ದಾಳೆ. ಹೆಂಗಸು ಅಂತ ಗೊತ್ತಾಗುವುದಕ್ಕೇ ನನಗೆ ಎರಡು ನಿಮಿಷ ಹಿಡಿಯಿತು. ಮೊಣಕಾಲು ನಮ್ಮ ಕಡೆಯ ಬಂಡೆಯಂತೆ ನೀಲಿಯಾಗಿ ಎದ್ದಿದೆ, ಮುಖದಲ್ಲಿ ಕಣ್ಣಿಲ್ಲ, ತಲೆಯಡಿ ಮಡಿಚಿಟ್ಟ ಕೈಗೆ ಬೆರಳೇ ಇಲ್ಲ.

"ಇದೇನ್ಲಾ, ಮೂಳೆಗೀಳೆ ಮುರ್ದೋಗೈತಾ ಈಯಮ್ಮಂಗೆ?" ಎಂದರು ಮಾಲೀಕ ಸಿದ್ದಣ್ಣ.

ಗಿರಾಕಿ ನಗಲಿಲ್ಲ. "ಎಷ್ಟು ನೆಮ್ಮದಿಯಾಗಿ ಮಲಗಿದ್ದಾಳೆ ನೋಡಿ. ಹಾಲ್‌ನ ಗೋಡೆಗೆ ಹಾಕ್ತೀವಿ, ಬಂದವರಿಗೆಲ್ಲ ಕಾಣಬೇಕು," ಎಂದು ಹೇಳಿ ಹೋದರು.

ಅವರು ಮೆಟ್ಟಿಲಿಳಿಯುತ್ತಲೇ ಅದೇ ಮಾತನ್ನು ಅವರದೇ ಮೂಗಿನ ದನಿಯಲ್ಲಿ ಆಡಿ ಸಿದ್ದಣ್ಣನನ್ನು ನಗಿಸಿದೆ. ನನ್ನ ಚಟ ಅದು. ನೀವು ಬಂದರೂ ಬಿಡುವುದಿಲ್ಲ. ಯಾರೂ ಸಿಗದ ದಿನ ಕನ್ನಡಿ ಮುಂದೆ ನಿಂತು ನನ್ನನ್ನೇ ಅಣಕಿಸಿಕೊಳ್ಳುತ್ತೇನೆ. ಆದರೆ ಆವತ್ತು ನಗು ಮುಗಿಯುವ ಮೊದಲೇ ಮೈಯೆಲ್ಲ ಉರಿಯಿತು. ಹಾಲ್‌ನಲ್ಲಿ ಹೆಂಗಸು ಮಲಗಿರುವುದು ಅಷ್ಟು ಚೆಂದವೇನು? ಹಾಗಾದರೆ ನಮ್ಮ ದೊಡ್ಡಮ್ಮ ಮಲಗಿದ್ದಾಗ ಎಲ್ಲರಿಗೂ ಏನು ರೋಗ ಬಂದಿತ್ತು?

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ವಿರೂಪಾಕ್ಷಿಪುರದ ಹತ್ತಿರ ಅವಳ ಮನೆ. ರೇಷ್ಮೆ ಹುಳ ಸಾಕುತ್ತಾರೆ. ಪಡಸಾಲೆಯ ಅರ್ಧ ಹುಳದ ತಟ್ಟೆಗಳಿಗೆ, ಉಳಿದರ್ಧ ಮನುಷ್ಯರಿಗೆ. ನಾನು ಎಂಟನೇ ಕ್ಲಾಸು ಮುಗಿಸಿ ರಜೆಗೆ ಹೋಗಿದ್ದಾಗ ದೊಡ್ಡಮ್ಮನಿಗೆ ಗರ್ಭಕೋಶ ತೆಗೆದಿದ್ದರು. ಆರು ವಾರ ಬಗ್ಗಬಾರದು, ಭಾರ ಎತ್ತಬಾರದು, ಸುಮ್ಮನೆ ಮಲಗಿರಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ತಟ್ಟೆಗಳ ಎದುರು ಚಾಪೆ ಹಾಸಿಕೊಂಡು ಮಲಗಿದಳು.

ಅವಳು ಮಲಗಿದ ನಾಲ್ಕನೇ ದಿನ ಹುಳಗಳೂ ಮಲಗಿದವು. ಪೊರೆ ಬಿಡುವ ಮೊದಲು ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಇರುತ್ತದೆ. ಆಗ ತಟ್ಟೆ ಮುಟ್ಟುವಂತಿಲ್ಲ, ಅಲುಗಿಸುವಂತಿಲ್ಲ. ಜೋರಾಗಿ ಸೀನಿದ್ದಕ್ಕೆ ನಾನು ದೊಡ್ಡಪ್ಪನಿಂದ ಬೈಸಿಕೊಂಡಿದ್ದೇನೆ. "ಮೆತ್ತಗೆ ಓಡಾಡ್ಲಾ, ಮಲ್ಗವೆ," ಎನ್ನುತ್ತಿದ್ದರು, ತೊಟ್ಟಿಲ ಮಗುವಿನ ಸುದ್ದಿ ಹೇಳುವ ಹಾಗೆ. ಅದೇ ಬಾಯಲ್ಲಿ ಚಾಪೆಯ ಕಡೆ ತಿರುಗಿ, "ಕಾಫಿಗೀಫಿ ಐತಾ ಈ ಮನೇಲಿ?"

ಐದನೇ ದಿನ ಹುಳ ಎದ್ದವು. ಎದ್ದ ಹುಳದ ಹಸಿವು ನೀವು ನೋಡಬೇಕು. ತಟ್ಟೆಗೆ ಸುರಿದ ಹಿಪ್ಪುನೇರಳೆ ಸೊಪ್ಪು ಸರಸರ ಖಾಲಿಯಾಗುತ್ತದೆ. ಸೊಪ್ಪು ಹೊರಲು ಅಕ್ಕಪಕ್ಕದವರೆಲ್ಲ ಬಂದರು, ಚಾಪೆಯ ಸುತ್ತಲೇ ಓಡಾಡಿದರು.

"ಹುಳನೇ ಎದ್ದ್ವು, ನೀನಿನ್ನೂ ಎದ್ದಿಲ್ವಾ?" ಎಂದರು ದೊಡ್ಡಪ್ಪ. ಎಲ್ಲರೂ ನಕ್ಕರು.

ನಗು ಕೇಳಿದರೆ ನನಗೆ ತಡೆಯುವುದುಂಟೇ? ಹೊಸ್ತಿಲ ಮೇಲೆ ದೊಡ್ಡಮ್ಮನ ಹಾಗೇ ಒರಗಿದೆ. ಒಂದು ಕೈ ತಲೆಯಡಿ, ಒಂದು ಮೊಣಕಾಲು ಮೇಲೆ. "ಅಯ್ಯಪ್ಪಾ, ನನ್ ಸೊಂಟ... ಒಸಿ ನೀರ್ ಕೊಡ್ರವ್ವಾ..." ಸೊಪ್ಪಿನ ಹೊರೆ ಹೊತ್ತವರು ಹೊರೆ ಇಳಿಸಿ ನಕ್ಕರು. ನಾಲ್ಕು ಸಲ ಮಾಡಿದೆ. ನಾಲ್ಕನೆಯ ಸಲ ತಲೆ ಎತ್ತಿ ನೋಡಿದರೆ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿತ್ತು. ದೊಡ್ಡಮ್ಮ ಹೊರೆಗೆ ಕೈ ಹಾಕಿದ್ದಳು.

ಒಳಗಿನ ಹೊಲಿಗೆ ಆಗಲೇ ಬಿಟ್ಟಿತಂತೆ. ಅಂದಿನಿಂದ ಉಬ್ಬಿದ ಹೊಟ್ಟೆಗೆ ಹಳೆಯ ಸೀರೆಯ ತುಂಡು ಬಿಗಿದುಕೊಂಡೇ ಓಡಾಡುತ್ತಾಳೆ. ಇತ್ತ ಈ ನೀಲಿ ಮೊಣಕಾಲಿನವಳಿಗೆ ತೇಗದ ಚೌಕಟ್ಟು, ಮೇಲೊಂದು ಗಾಜು, ಎದ್ದೇಳು ಎನ್ನುವವರು ಯಾರೂ ಇಲ್ಲ! ಪಾಪ, ಗಿರಾಕಿಯ ತಪ್ಪೇನು? ದೊಡ್ಡಪ್ಪನ ಮೇಲೆ ಸಿಟ್ಟು, ನಕ್ಕವರ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ಹೊಸ್ತಿಲ ಮೇಲೆ ಒರಗಿದ್ದ ಆ ಕೋತಿಯ ಮೇಲೆ.

ಮೊನ್ನೆ ಭಾನುವಾರ ದೊಡ್ಡಮ್ಮನ ಮನೆಗೆ ಹೋದೆ. ಆ ಉಬ್ಬಿದ ಹೊಟ್ಟೆ ಸರಿಮಾಡಲು ಬರುವ ತಿಂಗಳು ಅವಳಿಗೆ ಮತ್ತೆ ಆಪರೇಷನ್, ಮತ್ತೆ ಆರು ವಾರ.

"ಆವತ್ತು ನಾನ್ ಆಡ್ಕೊಳ್ದೆ ಇದ್ದಿದ್ರೆ ನೀನ್ ಎದ್ದೇಳ್ತಿರ್ಲಿಲ್ಲ, ಅಲ್ವಾ ದೊಡ್ಡಮ್ಮ?"

"ಚೆಂದಾಗೇ ಮಾಡಿದ್ದೆ ಕಣ್ಲಾ. ನಂಗೂ ನಗು ಬತ್ತಿತ್ತು. ನಕ್ಕರೆ ಹೊಲಿಗೆ ನೋಯ್ತಿತ್ತು, ಅದ್ಕೇ ಎದ್ಬುಟ್ಟೆ."

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಮುಂದಿನ ಬೆಳೆಗೆ ಹುಳದ ಮರಿ ಕಳಿಸಲು ಮಾರುವವನಿಗೆ ಹೇಳಿಬಿಟ್ಟಿದ್ದಾರೆಂದು ಆಗಲೇ ತಿಳಿಯಿತು.

"ಈ ಸಲ ಹುಳ ಬ್ಯಾಡ ದೊಡ್ಡಪ್ಪ. ಆರು ವಾರ ಇವ್ಳು ಮಲ್ಗೇ ಇರ್ತಾಳೆ. ಈಗ್ಲೇ ಫೋನ್ ಮಾಡಿ ಬ್ಯಾಡ ಅನ್ನು."

ದೊಡ್ಡಪ್ಪ ನನ್ನ ಮುಖ ನೋಡಿ ಕಿಸಕ್ಕನೆ ನಕ್ಕರು. "ಯಾರ ದನಿಲಾ ಇದು? ಡಾಕ್ಟ್ರುದಾ? ಸರ್ಯಾಗ್ ಬತ್ತೈತೆ!"

"ನಂದೇ."

ಬಾಗಿಲು ಬಿಟ್ಟು ನಾನು ಕದಲಲಿಲ್ಲ. ಅವರು ದೊಡ್ಡಮ್ಮನ ಕಡೆ ನೋಡಿದರು, ಅವಳು ನೆಲ ನೋಡಿದಳು. ಕೊನೆಗೆ ಜೇಬಿನಿಂದ ಫೋನು ತೆಗೆದರು.

"ಈ ಸಲ ಮರಿ ಬ್ಯಾಡ ಕಣಣ್ಣ... ಇಲ್ಲ, ಸೊಪ್ಪು ಐತೆ... ನಮ್ಮನೆಯೋಳು ಆರು ವಾರ ಮಲ್ಗಬೇಕಂತೆ."

ಆ ಕಡೆಯವನು ನಕ್ಕದ್ದು ನನಗೂ ಕೇಳಿಸಿತು. ದೊಡ್ಡಪ್ಪ ನಗಲಿಲ್ಲ.