ಮೂರು ಸಲ ಕರೆದರೆ ಮಾತ್ರ ಓ ಎನ್ನಬೇಕು

ಭಾನುವಾರ ಮಧ್ಯಾಹ್ನ ನಾನೂ ನನ್ನ ಗೆಳತಿಯೂ ದೆವ್ವ ನೋಡುತ್ತೇವೆ. ಅವಳು ಬ್ಯಾರಿ ಹೆಂಗಸು, ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹತ್ತಿರ ಬಳೆ, ಕ್ಲಿಪ್ಪು, ಪೌಡರು ಮಾರುವ ಫ್ಯಾನ್ಸಿ ಅಂಗಡಿ ಇಟ್ಟಿದ್ದಾಳೆ. ಗಂಡ ಗಲ್ಫಿನಿಂದ ಬರುವಾಗ ತಂದ ಟಿವಿ ಅವಳ ಮುಂದಿನ ಕೋಣೆಯ ಅರ್ಧ ಗೋಡೆಯನ್ನು ತಿಂದಿದೆ. ಊಟ ಮುಗಿಸಿ, ಬಿಸಿಲು ಬಾರದಂತೆ ಕಿಟಕಿಗೆ ದಪ್ಪ ಬೆಡ್‌ಶೀಟು ಕಟ್ಟಿ, ಸುಲೈಮಾನಿ ಚಹಾ ಇಟ್ಟುಕೊಂಡು ಕೂತುಬಿಟ್ಟರೆ ಸಂಜೆಯ ಅಸರ್ ಬಾಂಗಿನವರೆಗೆ ನಮ್ಮನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಮುಗಿದ ಮೇಲೆ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡುತ್ತೇವೆ. ನನ್ನ ಗಂಡ ಹಾರರ್ ನೋಡುವುದಿಲ್ಲ. ಅವರಿಗೆ ನ್ಯೂಸ್ ಚಾನೆಲ್ಲೇ ಸಾಕಂತೆ.

ನಾನು ಮಿಜಾರಿನಲ್ಲಿ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಹಾಸ್ಟೆಲಿನ ಹುಡುಗಿಯರು ಪುಸ್ತಕ ತೆಗೆದುಕೊಂಡು ಹೋಗುವುದು ಕಡಿಮೆ, ಹೊಸ ಸೀರೀಸಿನ ಹೆಸರು ಕೊಟ್ಟು ಹೋಗುವುದು ಹೆಚ್ಚು. 'ಮೇಡಂ, ಇದನ್ನು ಒಬ್ಬರೇ ನೋಡಬೇಡಿ' ಎಂದು ಕಣ್ಣರಳಿಸಿ ಹೇಳುತ್ತಾರೆ. ಒಬ್ಬಳೇ ನೋಡಿದರೆ ನಿದ್ದೆ ಬರುತ್ತದೆ ಎಂಬ ಅರ್ಥದಲ್ಲಿ ಅದು ನಿಜ.

ಈಚಿನ ಹಾರರ್ ಸಿನಿಮಾಗಳ ಬಗ್ಗೆ ನನ್ನ ಮೊದಲ ತಕರಾರು ಕರೆಂಟಿನದ್ದು. ಮನೆಯಲ್ಲಿ ಸದ್ದಾದರೆ ಆ ಹೆಂಗಸು ಮೊಬೈಲ್ ಟಾರ್ಚು ಹಿಡಿದು ಮೆಟ್ಟಿಲು ಹತ್ತುತ್ತಾಳೆ, ಸ್ವಿಚ್ಚು ಹಾಕುವುದಿಲ್ಲ. ಗೆಳತಿ ಪ್ರತಿ ಸಲ ಕೂಗುತ್ತಾಳೆ: 'ಲೈಟು ಹಾಕು ಮಾರಾಯ್ತಿ, ಬಿಲ್ಲು ನಾನು ಕಟ್ಟುತ್ತೇನೆ!' ಎರಡನೆಯ ತಕರಾರು ಸದ್ದಿನದ್ದು. ಬೆನ್ನ ಹಿಂದೆ ಡಬ್ಬ ಬಡಿದರೆ ಯಾರಾದರೂ ಹಾರಿ ಬೀಳುತ್ತಾರೆ, ಅದಕ್ಕೆ ನಿರ್ದೇಶಕ ಬೇಕೆಂದಿಲ್ಲ, ಬೆಕ್ಕು ಸಾಕು. ವೆಬ್ ಸೀರೀಸಂತೂ ಎಂಟು ಕಂತು. ಆರನೆಯ ಕಂತಿನವರೆಗೆ ದೆವ್ವ ಬರುವುದೇ ಇಲ್ಲ, ಗಂಡ ಹೆಂಡತಿ ಜಗಳ ಮಾಡುತ್ತಿರುತ್ತಾರೆ. ಆರನೆಯದರಲ್ಲಿ ಬಂದ ದೆವ್ವಕ್ಕೂ ಆ ಜಗಳ ಕೇಳಿ ಕೇಳಿ ಸಾಕಾದಂತೆ ಕಾಣುತ್ತದೆ.

ಈಗ ನಮ್ಮ ಕರಾವಳಿಗೂ ಶುಕ್ರದೆಸೆ. ಯಾರು ನೋಡಿದರೂ ಇಲ್ಲಿಗೆ ಕ್ಯಾಮರಾ ಹೊತ್ತುಕೊಂಡು ಬರುತ್ತಾರೆ, ಎರಡು ದೀವಟಿಗೆ ಹಚ್ಚುತ್ತಾರೆ, ಹೊಗೆ ಬಿಡುತ್ತಾರೆ. ಆಮೇಲೆ ನೂರು ವರ್ಷದ ಹಿಂದಿನ ತುಳುನಾಡಿನ ಪ್ರೇತ ಬಾಯಿ ತೆರೆದು 'ಬಿಡಲ್ಲ ನಿನ್ನ, ಏನ್ಮಾಡ್ತೀನಿ ನೋಡು' ಎನ್ನುತ್ತದೆ. ನಮ್ಮ ಕಡೆಯ ಪ್ರೇತ 'ಮಾಡ್ತೇನೆ' ಅನ್ನಬೇಕು. ಅಷ್ಟು ವರ್ಷ ಸತ್ತು ಇಲ್ಲೇ ಇದ್ದದ್ದು ಬೆಂಗಳೂರಿನ ಮಾತು ಎಲ್ಲಿ ಕಲಿಯಿತು?

ಇದೆಲ್ಲಕ್ಕಿಂತ ದೊಡ್ಡ ತಕರಾರು ದೆವ್ವದ ಪೂರ್ವಕಥೆಯದ್ದು. ಈಗ ಯಾವ ದೆವ್ವವೂ ಸುಮ್ಮನೆ ಬರುವುದಿಲ್ಲ. ಅದಕ್ಕೊಂದು ಅನ್ಯಾಯ ಆಗಿರಬೇಕು, ಇಪ್ಪತ್ತು ನಿಮಿಷದ ಫ್ಲ್ಯಾಶ್‌ಬ್ಯಾಕ್ ಇರಬೇಕು, ಅದರಲ್ಲೊಂದು ಹಾಡು ಇರಬೇಕು. ಹೀಗೆ ಬೈಯುತ್ತಲೇ ನೋಡಿ ನೋಡಿ ನನಗೂ ಅದೇ ರೂಢಿಯಾಯಿತು. ಸತ್ತವರೆಂದರೆ ಏನಾಗಿತ್ತು ಎಂದು ಕೇಳದೆ ಇರಲಾಗುವುದಿಲ್ಲ. ಈ ಚಟ ಒಮ್ಮೆ ನನ್ನ ಮಾನ ಕಳೆಯಿತು.

ನನ್ನ ಅಮ್ಮ ಬೆಳುವಾಯಿಯಲ್ಲಿ ತನ್ನ ತಮ್ಮನ, ಎಂದರೆ ನನ್ನ ಸೋದರಮಾವನ ಸಂಸಾರದ ಜೊತೆ ಇದ್ದಾಳೆ. ಎಪ್ಪತ್ತೆಂಟು ವರ್ಷ. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿರಲಿಲ್ಲ. 'ಸಣ್ಣವಳೇ' ಎನ್ನುತ್ತಿದ್ದಳು, ಅದೂ ತುಳುವಿನಲ್ಲಿ, ನನಗೆ ಐವತ್ತು ಹತ್ತಿರ ಬಂದರೂ. ಹೊತ್ತು ಮುಳುಗಿದ ಮೇಲೆ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲನೆಯ ಸಲಕ್ಕೆ ಓ ಎನ್ನಬಾರದು, ದೆವ್ವ ಒಂದೇ ಸಲ ಕರೆಯುವುದು, ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ನನಗೆ ಆ ಕಾಯಿದೆ ಉಪಯೋಗಕ್ಕೆ ಬರಲೇ ಇಲ್ಲ. ಓರಗೆಯ ಮಕ್ಕಳನ್ನು ಅವರವರ ಅಮ್ಮಂದಿರು ಗದ್ದೆಯಾಚೆಗೆ ಕೇಳುವಂತೆ ಹೆಸರು ಕೂಗಿ ಕರೆಯುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಹೆಸರು ಶಾಲೆಯ ಹಾಜರಿಯಲ್ಲೂ ರೇಶನ್ ಕಾರ್ಡಿನಲ್ಲೂ ಮಾತ್ರ ಇತ್ತು.

ಸಣ್ಣವಳು ಎಂದರೆ ದೊಡ್ಡವಳೊಬ್ಬಳು ಇದ್ದಳು ಎಂದೇ ಲೆಕ್ಕ. ಇದ್ದಳು, ಒಂಬತ್ತು ದಿನ. ನಾನು ಹುಟ್ಟುವುದಕ್ಕೆ ಮೂರು ವರ್ಷ ಮೊದಲು ಹುಟ್ಟಿ, ಹದಿನಾರನೆಯ ದಿನ ಹೆಸರಿಡಬೇಕೆಂದಿದ್ದಾಗ ಒಂಬತ್ತನೆಯ ದಿನವೇ ಹೋದಳು. ಹೋದವರು ನಮ್ಮಲ್ಲಿ ಕುಲೆಗಳಾಗುತ್ತಾರೆ. ಸಿನಿಮಾದವರಿಗೆ ಅರ್ಥವಾಗದ್ದು ಇದೇ. ನಮ್ಮ ಕುಲೆಗಳು ಮೆಟ್ಟಿಲ ಮೇಲೆ ಕೂತು ಕಿರುಚುವವರಲ್ಲ, ಮನೆಯವರು. ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆ ಎಲೆ ಹಾಕಿ ಬಡಿಸುತ್ತೇವೆ. ಅವರೂ ವರ್ಷ ವರ್ಷ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಆಗ ಅವರಿಗೆ ಮದುವೆಯನ್ನೂ ಮಾಡಬೇಕು.

ಹೋದ ವರ್ಷ ಅಮ್ಮ ಹಠ ಹಿಡಿದಳು. ದೊಡ್ಡವಳು ಬಾಗಿಲಿನಲ್ಲೇ ನಿಂತಿದ್ದಾಳೆ, ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ ಎಂದು ಕನಸಂತೆ. 'ಅವಳನ್ನು ಒಂದು ಮನೆ ಸೇರಿಸದೆ ನಾನು ಹೋಗುವುದಿಲ್ಲ' ಎಂದಳು. 'ಹಾಗಾದರೆ ಸೇರಿಸುವುದೇ ಬೇಡ, ನೀನೂ ಹೋಗಬೇಡ' ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ. 'ಅಕ್ಕನಿಗೆ ಆಗದೆ ತಂಗಿಗೆ ಮದುವೆ ಮಾಡಿದ ತಪ್ಪು ನನ್ನದು' ಎಂದಳು. ನಾನು ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಮೇಲೆ ಸಾಲು ತಪ್ಪಿಸಿ ನುಗ್ಗಿದವಳಾದೆ.

ಪೊಳಲಿ ಕಡೆಯ ಒಂದು ಸಂಬಂಧ ಬಂತು, ಹುಡುಗನೂ ಕುಲೆಯೇ. ಹುಡುಗನ ತಾಯಿ ಮತ್ತು ದೊಡ್ಡಪ್ಪ ಬೆಳುವಾಯಿಗೆ ಮಾತುಕತೆಗೆ ಬಂದರು. ಹುಡುಗಿಯ ಬರಿ ಯಾವುದು ಎಂದು ಕೇಳಿದರು. ಬರಿ ಅಂದರೆ ಕುಲದ ಕವಲು, ಒಂದೇ ಬರಿಯಾದರೆ ಅಣ್ಣ ತಂಗಿ, ಬದುಕಿದವರಿಗೂ ಕೂಡದು, ಸತ್ತವರಿಗೂ ಕೂಡದು. ಬೇರೆ ಬೇರೆಯಾದದ್ದರಿಂದ ಎಲ್ಲರ ಮುಖ ಅರಳಿತು. ಮಾವ ಎಳನೀರು ಕೊಟ್ಟರು. 'ನಮ್ಮ ಹುಡುಗ ಬಹಳ ಪಾಪ, ಯಾರಿಗೂ ಉಪದ್ರ ಇಲ್ಲ' ಎಂದು ದೊಡ್ಡಪ್ಪ ಹೊಗಳಿದರು. ಅಮ್ಮನೂ ಬಿಡಲಿಲ್ಲ, 'ನಮ್ಮದೂ ಹಾಗೇ, ಸ್ವರ ಎತ್ತಿದವಳಲ್ಲ' ಎಂದಳು. ಇಂಥ ಮಾತಿನಲ್ಲಿ ಯಾರೂ ಸತ್ತಿರುವುದಿಲ್ಲ. ಅದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

'ಹುಡುಗನಿಗೆ ಏನಾಗಿತ್ತು?' ಎಂದು ನಾನು ಕೇಳಿಬಿಟ್ಟೆ.

ದೊಡ್ಡಪ್ಪ ಎಳನೀರು ಕೆಳಗಿಟ್ಟರು. 'ಇಂಥದ್ದು ಕೇಳುವ ಮನೆಯಲ್ಲಿ ಮಾತು ಮುಂದುವರಿಯುವುದು ಕಷ್ಟ' ಎಂದು ಎದ್ದು ನಿಂತರು. ಅಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಹುಡುಗನ ತಾಯಿ ಮಾತ್ರ ಕೂತಲ್ಲೇ ಇದ್ದರು. ಸೆರಗಿನ ತುದಿ ಮಡಚುತ್ತ, 'ಏನೂ ಆಗಲಿಲ್ಲ, ಜ್ವರ. ಎರಡು ದಿನ. ನಾಲ್ಕು ವರ್ಷ ಆಗಿತ್ತು ಅವನಿಗೆ, ಅವಲಕ್ಕಿ ಅಂದರೆ ಜೀವ' ಎಂದರು.

ಅಷ್ಟೇ. ಹಾಡಿಲ್ಲ, ಅನ್ಯಾಯ ಇಲ್ಲ.

'ಕೂತುಕೊಳ್ಳಿ' ಎಂದು ಆ ತಾಯಿಯೇ ದೊಡ್ಡಪ್ಪನಿಗೆ ಹೇಳಿದರು. 'ಕೇಳಲಿ ಬಿಡಿ. ಅವನ ಸುದ್ದಿ ಕೇಳಿದವರು ಯಾರೂ ಇರಲಿಲ್ಲ.' ಸಂಬಂಧ ಉಳಿಯಿತು. ಅವರು ಹೋದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: 'ಇದು ನಿನ್ನ ಟಿವಿ ಅಲ್ಲ.'

ಆಟಿಯಲ್ಲಿ ಮದುವೆ ಎಂದಾಯಿತು. ಬದುಕಿದವರಿಗೆ ಆ ತಿಂಗಳು ಮುಹೂರ್ತ ಇಲ್ಲ, ಆದ್ದರಿಂದ ಮಲ್ಲಿಗೆಯ ರೇಟು ಕಡಿಮೆ, ಅಡುಗೆಯವರೂ ಕರೆದರೆ ಬರುತ್ತಾರೆ. ಸತ್ತವರು ಈ ವಿಷಯದಲ್ಲಿ ನಮಗಿಂತ ಜಾಣರು. ಸೀರೆ, ರವಕೆ, ಬಾಚಣಿಗೆ, ಕನ್ನಡಿ ಎಲ್ಲ ತೆಗೆದದ್ದಾಯಿತು. ಬಳೆಗೆಂದು ಅಮ್ಮನನ್ನು ಗೆಳತಿಯ ಅಂಗಡಿಗೆ ಕರೆದುಕೊಂಡು ಹೋದೆ. ಹಸಿರು ಗಾಜಿನ ಬಳೆ ತೆಗೆದು ಗೆಳತಿ ಅಭ್ಯಾಸಬಲದಿಂದ ಕೇಳಿದಳು, 'ಮದುಮಗಳ ಸೈಜು ಎಷ್ಟು?' ಕೇಳಿದ ಮೇಲೆ ಅವಳೂ ನನ್ನನ್ನು ನೋಡಿದಳು, ನಾನೂ ಅವಳನ್ನು ನೋಡಿದೆ. ಒಂಬತ್ತು ದಿನದ ಕೈಯೋ, ಐವತ್ತು ದಾಟಿದ ಕೈಯೋ?

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ನನ್ನ ಕೈ ಹಿಡಿದು ಮೇಜಿನ ಮೇಲಿಟ್ಟು, 'ಇದೇ ಅಳತೆ' ಎಂದಳು. ಗೆಳತಿ ತಮಾಷೆ ಮಾಡದೆ ನನ್ನ ಕೈಗೆ ಡಜನ್ ಬಳೆ ತೊಡಿಸಿ ನೋಡಿ, ಒಂದೊಂದಾಗಿ ತೆಗೆದು ಕಾಗದದಲ್ಲಿ ಕಟ್ಟಿದಳು. ನಾವು ಹೊರಡುವಾಗ ನನಗೆ ಮಾತ್ರ ಕೇಳುವಂತೆ, 'ಬಂದು ಎಲ್ಲ ಹೇಳಬೇಕು' ಎಂದಳು.

ಮದುವೆಯ ದಿನ ದೀಪ ಹಚ್ಚುವ ಹೊತ್ತಿಗೆ ಪೊಳಲಿಯವರು ಬಂದರು. ಅಂಗಳದ ಚಪ್ಪರದಲ್ಲಿ ಎರಡು ಮಣೆ. ಒಂದರ ಮೇಲೆ ಹೊಸ ಪಂಚೆ ಶರಟು, ಇನ್ನೊಂದರ ಮೇಲೆ ಸೀರೆ, ಅದರ ಮೇಲೆ ಬಳೆ, ಮಲ್ಲಿಗೆ. ನಾನು ಒಳಗೊಳಗೇ ನನ್ನ ಭಾನುವಾರದ ಕೆಲಸ ಮಾಡುತ್ತಿದ್ದೆ, ಬೆಳಕು ಒಳ್ಳೆಯದುಂಟು, ಹಿನ್ನೆಲೆ ಸಂಗೀತ ಇಲ್ಲ, ಹತ್ತರಲ್ಲಿ ಏಳು ಕೊಡಬಹುದು ಎಂದು. ಮದುಮಗನನ್ನು ಅವನ ದೊಡ್ಡಪ್ಪ ಹೆಸರು ಹೇಳಿ ಮೂರು ಸಲ ಕರೆದು ಕೂರಿಸಿದರು. ಮದುಮಗಳನ್ನು ಕರೆಯಬೇಕಾದದ್ದು ಸೋದರಮಾವ. ಮಾವ ಅಮ್ಮನ ಕಡೆ ತಿರುಗಿ, 'ಏನೆಂದು ಕರೆಯಲಿ?' ಎಂದರು.

ಆಗಲೇ ನಮಗೆಲ್ಲ ಹೊಳೆದದ್ದು. ಬರಿ ನೋಡಿದೆವು, ಜಾತಕ ಇಲ್ಲದೆಯೂ ನಕ್ಷತ್ರ ಹುಡುಕಿದೆವು, ಬಳೆಯ ಅಳತೆ ತೆಗೆದೆವು. ಹುಡುಗಿಗೆ ಹೆಸರೇ ಇರಲಿಲ್ಲ.

ಅಮ್ಮ ತಡವರಿಸದೆ ಹೆಸರು ಹೇಳಿದಳು. ಅದು ನನ್ನ ಹೆಸರು.

ಮಾವ ಅವಳು ತಪ್ಪಿ ಹೇಳಿದಳೆಂದು ನನ್ನ ಮುಖ ನೋಡಿದರು. 'ಮೊದಲು ಅವಳಿಗೆ ಅಂತ ತೆಗೆದಿಟ್ಟದ್ದು' ಎಂದಳು ಅಮ್ಮ. 'ಇವಳು ಹುಟ್ಟಿದಾಗ ಇವಳ ಅಪ್ಪ ಅದನ್ನೇ ಇಟ್ಟರು. ನನಗೆ ಬೇಡ ಅನ್ನಲಿಕ್ಕೆ ಆಗಲಿಲ್ಲ, ಕರೆಯಲಿಕ್ಕೂ ಆಗಲಿಲ್ಲ. ಈಗ ನೀನು ಕರೆ.'

ಮಾವ ಖಾಲಿ ಮಣೆಯ ಕಡೆ ತಿರುಗಿ ನನ್ನ ಹೆಸರು ಹಿಡಿದು ಕರೆದರು. 'ಬಾ ಮಗಾ, ನಿನ್ನ ಜಾಗಕ್ಕೆ ಬಾ.' ಒಮ್ಮೆ. ಎರಡು ಸಲ. ಎಷ್ಟೋ ವರ್ಷ ದೆವ್ವ ನೋಡಿದವಳ ಮೈಯಲ್ಲಿ ರೋಮ ಎದ್ದು ನಿಂತದ್ದು ಅದೇ ಮೊದಲು. ಮೂರನೆಯ ಸಲಕ್ಕೆ ನನ್ನ ಬಾಯಿ ತಾನಾಗಿ ತೆರೆಯಿತು. ಅಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. 'ನಿನ್ನನ್ನಲ್ಲ' ಎಂದು ಪಿಸುಗುಟ್ಟಿದಳು. ನಾನು ಅತ್ತುಬಿಟ್ಟೆ. ಹೆದರಿಕೆಗೆ ಅತ್ತೆನೋ, ಆ ಒಂಬತ್ತು ದಿನದ ಕೂಸಿಗೆ ಅತ್ತೆನೋ, ಐವತ್ತು ವರ್ಷ ಬಾಯಲ್ಲಿ ಒಂದು ಹೆಸರನ್ನು ಇಟ್ಟುಕೊಂಡು ಸುಮ್ಮನಿದ್ದ ಅಮ್ಮನಿಗೆ ಅತ್ತೆನೋ, ಗೊತ್ತಿಲ್ಲ. ಧಾರೆಯಾಯಿತು. ಎರಡೂ ಮನೆಯವರು ಕೋರಿರೊಟ್ಟಿ ಉಂಡರು. ಪೊಳಲಿಯ ತಾಯಿ ಸೀರೆ, ಬಳೆ, ಮಲ್ಲಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಜೀಪು ಹತ್ತಿದರು. ಅಮ್ಮ ಗೇಟಿನವರೆಗೆ ಹೋಗಿ, ಮಗಳನ್ನು ಕಳಿಸಿಕೊಟ್ಟವರು ನಿಲ್ಲುವ ಹಾಗೆ ನಿಂತಿದ್ದಳು.

ಮರುದಿನ ಬೆಳಿಗ್ಗೆ ನಾನು ಜಗಲಿಯಲ್ಲಿ ಕೂತು ಗೆಳತಿಗೆ ವಾಯ್ಸ್ ಮೆಸೇಜು ಕಳಿಸುವುದಕ್ಕೆಂದು ಫೋನು ತೆಗೆದಿದ್ದೆ. ಎಷ್ಟು ಅಂಕ ಎಂದು ಅವಳು ಆಗಲೇ ಎರಡು ಸಲ ಕೇಳಿದ್ದಳು. ಗುಂಡಿ ಒತ್ತಬೇಕೆನ್ನುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ಸ್ವರ ಬಂತು. ಸಣ್ಣವಳೇ ಎನ್ನಲಿಲ್ಲ. ಹೆಸರು ಹಿಡಿದು ಕರೆದಳು, ಚಹಾ ಆರುತ್ತದೆ ಎಂದಳು.

ನಾನು ಓ ಎನ್ನಲಿಲ್ಲ. ಇನ್ನೊಮ್ಮೆ ಕರೆದಳು, ಈ ಸಲ ಗದ್ದೆಯಾಚೆಗೆ ಕೇಳುವಷ್ಟು ಜೋರಾಗಿ. ಆಗಲೂ ಸುಮ್ಮನೆ ಕೂತೆ. 'ಕಿವಿ ಕೇಳುವುದಿಲ್ಲವಾ ನಿನಗೆ?' ಎಂದು ಬೈದು ಮತ್ತೆ ಕರೆದಳು.

ಮೂರನೆಯದಕ್ಕೆ ಓ ಎಂದೆ.