ಪೈ ಅಂಗಡಿಯ ಓವನ್ ಕೆಟ್ಟ ಶನಿವಾರ

ಹೋದ ಶನಿವಾರ ಬೆಳಿಗ್ಗೆ ನಾನು ಟ್ರೇ ತುಂಬ ಬೀಫ್ ಪೈ ಹೊತ್ತುಕೊಂಡು ಮೆಲ್ಬರ್ನಿನ ವೆರಿಬೀಯಲ್ಲಿ ಮನೆಯಿಂದ ಮನೆಗೆ ಓಡುತ್ತಿದ್ದೆ.

ನಾನು ಸಸ್ಯಾಹಾರಿ. ಹುಟ್ಟಿದಾಗಿನಿಂದ. (ಅಮ್ಮಾ, ಮೈಸೂರಿನಲ್ಲಿ ಕೂತು ಇದನ್ನು ಓದುತ್ತಿದ್ದರೆ ಗಾಬರಿಯಾಗಬೇಡ. ಹೊತ್ತಿದ್ದಷ್ಟೇ.)

ಚಳಿಗೆ ಮೂಗು ಸೋರುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇಲ್ಲ. ಗುರುತು ಪರಿಚಯವಿಲ್ಲದವರ ಬಾಗಿಲನ್ನು ಮೊಣಕೈಯಿಂದ ತಟ್ಟುವುದು, ಯಾರಾದರೂ ತೆಗೆದರೆ ‘ನಿಮ್ಮ ಓವನ್ ಖಾಲಿ ಇದೆಯಾ?’ ಎಂದು ಕೇಳುವುದು. ಅಂದು ಇದೇ ನನ್ನ ಕೆಲಸ. ಸಿಡ್ನಿಯ ರೌಸ್ ಹಿಲ್‌ನಲ್ಲಿ ಸ್ವಂತ ಮನೆ ಮಾಡಿ ಇಷ್ಟು ವರ್ಷವಾಯಿತು, ಪಕ್ಕದ ಮನೆಯಲ್ಲಿ ಒಂದು ಕಪ್ ಸಕ್ಕರೆ ಕೇಳಿದವಳಲ್ಲ ನಾನು.

ಇದಕ್ಕೆಲ್ಲ ಕಾರಣ ಲವೀನಾ.

ಲವೀನಾ ಮಂಗಳೂರಿನವಳು. ನಾನು ಸಿಡ್ನಿಗೆ ಬಂದ ಹೊಸತರಲ್ಲಿ ನಾವಿಬ್ಬರೂ ಒಂದೇ ಯೂನಿಟ್‌ನಲ್ಲಿ (ಇಲ್ಲಿ ಫ್ಲ್ಯಾಟಿಗೆ ಹಾಗೆನ್ನುತ್ತಾರೆ) ರೂಮ್‌ಮೇಟ್ಸ್. ಅವಳು ಒಂದು ಒಲೆಯ ಮೇಲೆ ಮೀನು ಹುರಿಯುತ್ತಿದ್ದಳು, ನಾನು ಇನ್ನೊಂದರ ಮೇಲೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಜಗಳವಾಡದೆ ಒಂದೇ ಅಡುಗೆಮನೆ ಹಂಚಿಕೊಂಡವರ ಸ್ನೇಹ ಗಟ್ಟಿ. ಆಮೇಲೆ ಅವಳು ಸ್ಟ್ಯಾನಿಯನ್ನು ಮದುವೆಯಾಗಿ ಮೆಲ್ಬರ್ನಿಗೆ ಹೋದಳು. ಅವಳಿಗೆ ವೃದ್ಧಾಶ್ರಮದಲ್ಲಿ ಕೆಲಸ, ಸ್ಟ್ಯಾನಿಗೆ ದೊಡ್ಡ ಹೋಟೆಲೊಂದರ ಕಿಚನ್‌ನಲ್ಲಿ. ಪಿಆರ್ (ಇಲ್ಲೇ ಕಾಯಂ ನೆಲೆಸುವ ಪರವಾನಗಿ) ಆಯಿತು, ಮನೆಯಾಯಿತು, ಎಲ್ಲರ ಹಾಗೆ ಮಾರ್ಟ್‌ಗೇಜೂ ಆಯಿತು. ಇನ್ನೇನು ಬೇಕು?

ಹೋದ ವರ್ಷ ಒಂದು ದಿನ ಫೋನ್ ಮಾಡಿದಳು. ‘ನಾವು ಪೈ ಅಂಗಡಿ ತಗೊಳ್ತಿದ್ದೇವೆ ಮಾರಾಯ್ತಿ. ಇಬ್ಬರೂ ಕೆಲಸ ಬಿಟ್ಟಾಯ್ತು.’

‘ತಲೆ ಕೆಟ್ಟಿದೆಯಾ ನಿಂಗೆ?’ ಎಂದೆ. (ಒಳ್ಳೆಯ ಸ್ನೇಹಿತೆ ಇಂಥ ಹೊತ್ತಿನಲ್ಲಿ ಬೇರೇನು ಹೇಳಬೇಕು?)

ಪೈ ಅಂದರೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಬೇಕರಿಯ ಪಫ್ಸ್ ಇದೆಯಲ್ಲ, ಅದರ ದೊಡ್ಡಣ್ಣ ಅಂದುಕೊಳ್ಳಿ. ಅಂಗೈಯಗಲದ ಪೇಸ್ಟ್ರಿ (ಪಫ್ಸಿನಂಥದೇ ಮೈದಾ ಪದರ) ಬಟ್ಟಲು, ಒಳಗೆ ಬೆಂದ ಮಾಂಸ ಮತ್ತು ಗಟ್ಟಿ ಗ್ರೇವಿ, ಮೇಲೊಂದು ಪೇಸ್ಟ್ರಿ ಮುಚ್ಚಳ. ತಟ್ಟೆ, ಚಮಚ, ಫೋರ್ಕು ಕೇಳಿದರೆ ಜನ ನಿಮ್ಮನ್ನು ಅನುಮಾನದಿಂದ ನೋಡುತ್ತಾರೆ. ಪೇಪರ್ ಬ್ಯಾಗಿನಲ್ಲಿ ಹಿಡಿದು, ಮೇಲೆ ಟೊಮೆಟೊ ಸಾಸ್ ಹಾಕಿ, ಅಂಚು ಕಚ್ಚಿ, ಊದಿ, ಗ್ರೇವಿ ಅಂಗಿಗೆ ಬೀಳುವ ಮುನ್ನ ಹೀರಿ ತಿನ್ನಬೇಕು. ನನ್ನ ಗಂಡ ಪ್ರಕಾಶ್ ಮೊದಲ ಸಲ ಊದುವುದನ್ನು ಮರೆತು ನಾಲಿಗೆ ಸುಟ್ಟುಕೊಂಡು ಎರಡು ದಿನ ಮೊಸರನ್ನ ತಿಂದಿದ್ದ.

ಇದು ಈ ದೇಶದವರ ಊಟ. ಕಟ್ಟಡ ಕೆಲಸದವರು, ಟ್ರಕ್ ಓಡಿಸುವವರು, ಟೈ ಕಟ್ಟಿಕೊಂಡವರು, ಎಲ್ಲರೂ ಒಂದೇ ಕ್ಯೂನಲ್ಲಿ ನಿಂತು ತಿನ್ನುವ ಊಟ. ಅಂಥದ್ದನ್ನು ಮಂಗಳೂರಿನ ಕೊಂಕಣಿ ದಂಪತಿ ಮಾಡಿ ಬಡಿಸುವುದೆಂದರೆ? ಪರದೇಶದವನೊಬ್ಬ ಬಂದು ನಮ್ಮ ಮೈಸೂರಿನವರಿಗೆ ದೋಸೆ ಹೊಯ್ದು ಕೊಟ್ಟ ಹಾಗೆ.

ಹಳೆಯ ಮಾಲೀಕರು ವಯಸ್ಸಾಯಿತೆಂದು ಅಂಗಡಿ ಬಿಟ್ಟಿದ್ದರು. ಹೋಗುವ ಮೊದಲು ಸ್ಟ್ಯಾನಿಗೆ ಎಲ್ಲವನ್ನೂ ಕಲಿಸಿದ್ದರು. ಸ್ಟ್ಯಾನಿ ಬೋರ್ಡ್ ಬದಲಿಸಲಿಲ್ಲ, ಗೋಡೆಯ ಬಣ್ಣ ಬದಲಿಸಲಿಲ್ಲ, ಪೈಯನ್ನಂತೂ ಮುಟ್ಟಲೇ ಇಲ್ಲ. ಶುಕ್ರವಾರಕ್ಕೆ ಮಾತ್ರ ಚಿಕನ್ ಸುಕ್ಕಾ ಹಾಕಿದ ಪೈ ಒಂದನ್ನು ಸೇರಿಸಿದ.

ಅಂಗಡಿ ತೆರೆದ ಮೊದಲ ದಿನ ಕೆವ್ ಬಂದರು. ಎಪ್ಪತ್ತು ದಾಟಿದ ಆಸಿ (ಆಸ್ಟ್ರೇಲಿಯಾದವರೇ), ಹತ್ತಿರದಲ್ಲೇ ಮನೆ. ಕೌಂಟರಿನ ಮೇಲೆ ಎರಡೂ ಕೈ ಊರಿ, ‘ಇದನ್ನೆಲ್ಲ ಬದಲಾಯಿಸ್ತೀರಾ?’ ಎಂದು ಕೇಳಿದರಂತೆ.

‘ಇಲ್ಲ’ ಎಂದ ಸ್ಟ್ಯಾನಿ.

‘ನೋಡೋಣ’ ಎಂದರು ಕೆವ್.

ಅಷ್ಟೇ. ಅಂದಿನಿಂದ ದಿನಾ ಬರುತ್ತಾರೆ. ಒಂದು ಪೈ ತೆಗೆದುಕೊಳ್ಳುತ್ತಾರೆ, ಹೊರಗೆ ತಮ್ಮ ಯೂಟ್‌ನಲ್ಲಿ (ಹಿಂದೆ ಸಾಮಾನು ಹಾಕುವ ಕಾರು) ಕೂತು ತಿನ್ನುತ್ತಾರೆ, ಹೋಗುತ್ತಾರೆ. ಚೆನ್ನಾಗಿದೆ ಅಂದಿಲ್ಲ, ಚೆನ್ನಾಗಿಲ್ಲ ಅಂದಿಲ್ಲ. ಲವೀನಾ ಗಾಜಿನ ಹಿಂದೆ ನಿಂತು ಅವರ ದವಡೆ ಅಲ್ಲಾಡುವುದನ್ನೇ ನೋಡುತ್ತಿರುತ್ತಾಳೆ. ‘ಆ ಮನುಷ್ಯನ ಮುಖ ನೋಡಿದ್ರೆ ನಂಗೆ ಪರೀಕ್ಷೆಯ ರಿಸಲ್ಟ್ ಕಾಯುವ ಹಾಗೆ ಆಗ್ತದೆ’ ಎಂದು ಫೋನಿನಲ್ಲಿ ಎಷ್ಟು ಸಲ ಹೇಳಿದ್ದಾಳೋ.

ಸರಿ, ಶನಿವಾರಕ್ಕೆ ಬರೋಣ.

ಪ್ರಕಾಶ್ ಮತ್ತು ನಾನು ಶುಕ್ರವಾರ ಸಂಜೆಯ ಫ್ಲೈಟ್ ಹಿಡಿದು ಲವೀನಾಳ ಮನೆಗೆ ಹೋಗಿದ್ದೆವು. ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿರುವ ನನ್ನ ಆಫೀಸಿನ ಮೀಟಿಂಗುಗಳಿಂದ ಎರಡು ದಿನ ಬಿಡುವು. ಲವೀನಾ, ಸ್ಟ್ಯಾನಿಗೆ ಮಾತ್ರ ಬಿಡುವಿಲ್ಲ. ಮರುದಿನ ಊರಿನ ಫುಟಿ (ಆಸ್ಟ್ರೇಲಿಯಾದ ಫುಟ್‌ಬಾಲ್) ಕ್ಲಬ್ಬಿನ ಸೀಸನ್ನಿನ ಕೊನೆಯ ಮ್ಯಾಚ್. ಮೈದಾನಕ್ಕೆ ಬಂದವರಿಗೆಲ್ಲ ಪೈ. ಹಿಂದಿನಿಂದಲೂ ಇದೇ ಅಂಗಡಿಯಿಂದಲೇ ಹೋಗುತ್ತಿದ್ದ ಆರ್ಡರ್, ಈಗ ಮೊದಲ ಸಲ ಇವರ ಕೈಯಿಂದ. ಪೈಗಳನ್ನೆಲ್ಲ ತುಂಬಿ, ಮುಚ್ಚಿ, ಕೂಲ್‌ರೂಮಿನಲ್ಲಿ ಜೋಡಿಸಿಟ್ಟಿದ್ದರು. ಬೆಳಿಗ್ಗೆ ಬೇಯಿಸುವುದೊಂದೇ ಬಾಕಿ.

ಬೆಳಿಗ್ಗೆ ಲವೀನಾಳ ಜೊತೆ ನಾವು ಅಂಗಡಿಗೆ ಹೋದಾಗ ಸ್ಟ್ಯಾನಿ ಓವನ್ನಿನ ಮುಂದೆ ಮಂಡಿಯೂರಿ ಕೂತಿದ್ದ. ಓವನ್ ತಣ್ಣಗಿತ್ತು.

‘ಸತ್ತೇ ಹೋಗಿದೆ’ ಎಂದ. ‘ಮೆಕ್ಯಾನಿಕ್‌ಗೆ ಸೋಮವಾರಕ್ಕೆ ಮೊದಲು ಬರ್ಲಿಕ್ಕೆ ಆಗುದಿಲ್ವಂತೆ.’

ಲವೀನಾ ಮೈದಾ ಚೀಲದ ಮೇಲೆ ಕೂತಳು. ಅವಳು ಹಾಗೆ ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದೇ ಇಲ್ಲ. ರೂಮಿನಲ್ಲಿದ್ದಾಗ ಇಬ್ಬರಿಗೂ ಕೆಲಸವಿಲ್ಲದ ದಿನಗಳಲ್ಲೂ ಏನಾದರೊಂದು ಹೇಳಿ ನಗಿಸುತ್ತಿದ್ದವಳು.

‘ಇಂಡಿಯನ್ಸ್ ತಗೊಂಡ ಮೇಲೆ ಹೀಗಾಯ್ತು ಅಂತ ಹೇಳ್ತಾರೆ, ನೋಡು’ ಎಂದಳು.

ಯಾರೂ ಹಾಗೆ ಹೇಳಿರಲಿಲ್ಲ. ಆದರೂ ನನಗೆ ಆ ಮಾತು ಸೀದಾ ಎದೆಗೆ ತಾಗಿತು. ಇಲ್ಲಿ ಹುಟ್ಟಿದವರ ಓವನ್ ಕೆಟ್ಟರೆ ಓವನ್ ಕೆಟ್ಟಿತು, ಅಷ್ಟೇ. ನಮ್ಮದು ಕೆಟ್ಟರೆ? ಇಡೀ ದೇಶದ ಮಾನ ಹೋಯಿತೆಂದು ನಮಗೆ ನಾವೇ ಅಂದುಕೊಳ್ಳುತ್ತೇವೆ. ಆಫೀಸಿನಲ್ಲಿ ಒಂದು ಇಮೇಲ್ ತಪ್ಪಾಗಿ ಹೋದರೂ ನನಗೆ ಹೀಗೇ ಆಗುತ್ತದೆ. ನಿಮಗೂ ಆಗುತ್ತದೆ ತಾನೆ?

ಸ್ಟ್ಯಾನಿ ಎದ್ದ. ‘ಮುಚ್ಚಿಡುದು ಬೇಡ’ ಎಂದು ಒಂದು ರಟ್ಟಿನ ಮೇಲೆ ‘ಓವನ್ ಕೆಟ್ಟಿದೆ, ಇಂದು ಬಿಸಿ ಪೈ ಇಲ್ಲ, ಕ್ಷಮಿಸಿ’ ಎಂದು ಬರೆದು ಬಾಗಿಲಿಗೆ ಅಂಟಿಸಿದ. ಕ್ಲಬ್ಬಿನವರಿಗೆ ಹೇಳಲು ಫೋನ್ ಕೈಗೆತ್ತಿಕೊಂಡ.

ಅಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಕೆವ್! ಬೋರ್ಡ್ ಓದಿಕೊಂಡು, ಹೇಳದೆ ಕೇಳದೆ ಸೀದಾ ಕಿಚನ್ನಿಗೇ ಬಂದಿದ್ದರು.

‘ಪೈ ಎಲ್ಲಿವೆ?’

ಸ್ಟ್ಯಾನಿ ಕೂಲ್‌ರೂಮ್ ತೆಗೆದು ತೋರಿಸಿದ. ಕೆವ್ ಒಳಗೆ ಇಣುಕಿ ನೋಡಿದರು.

‘ಫ್ರೀಜರಿನಲ್ಲಿಟ್ಟು ಹಸಿ ಪೈ ಮಾರ್ತೀರಲ್ಲ, ಮನೇಲಿ ಬೇಯಿಸಿಕೊಳ್ಳೋಕೆ?’

‘ಹೌದು.’

‘ಹಾಗಾದ್ರೆ ಇವನ್ನೂ ಹಸಿಯಾಗೇ ಕ್ಲಬ್ಬಿಗೆ ಕೊಟ್ಟುಬಿಡಿ. ಬೇಯಿಸೋದು ನಮ್ಮ ತಲೆನೋವು. ಈ ಬೀದಿಯಲ್ಲಿ ಎಷ್ಟು ಮನೆ ಇದೆ ಗೊತ್ತಾ? ಮನೆಗೊಂದು ಓವನ್ ಇದೆ.’

ನಾವು ನಾಲ್ವರೂ ಅವರ ಮುಖವನ್ನೇ ನೋಡಿದೆವು. ಕೆವ್ ಆಗಲೇ ಕ್ಲಬ್ಬಿಗೆ ಫೋನ್ ಹಚ್ಚಿದ್ದರು. ‘ಹ್ಞೂಂ. ಹಸಿ ಪೈ. ಹೌದು, ನಾವೇ ಬೇಯಿಸೋದು. ಪ್ರಶ್ನೆ ಕೇಳ್ಬೇಡ ಮೇಟ್, ನಿನ್ನ ಓವನ್ ಆನ್ ಮಾಡು.’

ಹೀಗೆ ನನ್ನ ಕೈಗೆ ಟ್ರೇ ಬಂತು.

ಕೆವ್ ಮತ್ತು ಪ್ರಕಾಶ್ ಯೂಟ್‌ನಲ್ಲಿ ದೂರದ ಮನೆಗಳಿಗೆ ಹೋದರು. ಲವೀನಾ ಮತ್ತು ನಾನು ಹತ್ತಿರದ ಮನೆಗಳಿಗೆ. ಎಷ್ಟು ಬಿಸಿ ಇರಬೇಕು, ಯಾವ ಬಣ್ಣ ಬಂದಾಗ ತೆಗೆಯಬೇಕು ಎಂದು ಸ್ಟ್ಯಾನಿ ಫೋನಿನಲ್ಲಿ ಎಲ್ಲರಿಗೂ ಹೇಳುತ್ತಲೇ ಇದ್ದ.

ಅಂಗಡಿಯ ಪಕ್ಕದ ಮನೆ ರೋಸಾ ಅಜ್ಜಿಯದು. ಇಟಲಿಯಿಂದ ಬಂದವರು. ನಾನು ವಾಕ್ಯ ಮುಗಿಸುವ ಮೊದಲೇ ಟ್ರೇ ಕಸಿದುಕೊಂಡರು. ಒಂದು ಪೈ ಎತ್ತಿ ನೋಡಿ, ‘ಹೊಳಪಿಗೆ ಮೇಲೆ ಮೊಟ್ಟೆ ಹಚ್ಚಿದ್ದು ಸಾಲದು’ ಎಂದು ಬೈದರು.

ಅದರಾಚೆಯದು ಪಂಜಾಬಿ ಮನೆ. ಬಾಗಿಲು ತೆಗೆದ ಹರ್‌ಪ್ರೀತ್ ನನ್ನ ಮುಖ ನೋಡಿದ್ದೇ ಹಿಂದಿಯಲ್ಲಿ ಕೇಳಿದಳು, ‘ಇದರಲ್ಲಿ ಏನಿದೆ?’ ಬೀಫ್ ಎಂದೆ. ಅವಳು ಒಮ್ಮೆ ಒಳಗೆ ತಿರುಗಿ ನೋಡಿದಳು. ‘ನಮ್ಮತ್ತೆ ಇದ್ದಾರೆ ದೀದಿ’ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ನಾನು ಓಡಿ ಹೋಗಿ ಕುಂಬಳಕಾಯಿ, ಪಾಲಕ್ ಹಾಕಿದ ಪೈಗಳ ಟ್ರೇ ತಂದೆ. ಅವಳ ಅತ್ತೆಯೇ ಎದ್ದು ಬಂದು ಓವನ್ನಿನ ಬಾಗಿಲು ತೆಗೆದರು. ಒಳಗೆ? ಕಡಾಯಿ, ತವಾ, ಕುಕ್ಕರ್, ಇಡ್ಲಿ ಸ್ಟ್ಯಾಂಡ್. ಹೌದು, ಪಂಜಾಬಿ ಮನೆಯಲ್ಲಿ ಇಡ್ಲಿ ಸ್ಟ್ಯಾಂಡ್! ಮೂವರೂ ನೆಲದ ಮೇಲೆ ಕೂತು ಪಾತ್ರೆಗಳನ್ನು ಹೊರಗೆಳೆದೆವು. ನಗು ತಡೆಯಲಾಗಲಿಲ್ಲ. ಭಾರತೀಯರ ಮನೆಯ ಓವನ್ ಒಂದು ಬೀರು ಎನ್ನುವುದನ್ನು ಯಾವ ಸರ್ಕಾರವೂ ಇನ್ನೂ ಕಂಡುಹಿಡಿದಿಲ್ಲ.

ಕೊನೆಯ ಟ್ರೇ ಕೆವ್ ಅವರ ಮನೆಗೇ. ಅವರ ಹೆಂಡತಿ ಮೌರೀನ್ ಬಾಗಿಲು ತೆಗೆದವರೇ ನನ್ನ ಕೈ ಹಿಡಿದುಕೊಂಡರು.

‘ನೀನು ಪೈ ಅಂಗಡಿಯವಳಾ? ಅಬ್ಬಾ, ಕೊನೆಗೂ ನೋಡಿದೆನಲ್ಲ. ನಿಮ್ಮ ಪೈ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ!’

ನಾನು ಅಂಗಡಿಯವರ ಫ್ರೆಂಡ್ ಮಾತ್ರ ಎಂದೆ. ಅವರಿಗೆ ಅದು ಕೇಳಿಸಲೇ ಇಲ್ಲ.

‘ಬೆಳಿಗ್ಗೆ ಎದ್ದರೆ ಅದೇ ಮಾತು, ಫ್ರೆಂಡ್ಸ್ ಸಿಕ್ಕರೂ ಅದೇ ಮಾತು. ಹಳೆಯವರಿಗಿಂತ ಈ ಹುಡುಗನ ಪೇಸ್ಟ್ರಿ ಹಗುರವಂತೆ. ಶುಕ್ರವಾರದ ಖಾರದ ಚಿಕನ್ ಪೈಗೋಸ್ಕರ ನಮ್ಮ ಮಗಳನ್ನು ಜೀಲಾಂಗಿನಿಂದ ಕರೆಸಿದಾನೆ!’

‘ಅವರು ಇದನ್ನ ಲವೀನಾ, ಸ್ಟ್ಯಾನಿ ಹತ್ರ ಯಾವತ್ತೂ ಹೇಳೇ ಇಲ್ಲ’ ಎಂದೆ.

ಮೌರೀನ್ ಕಣ್ಣರಳಿಸಿದರು. ಯೂಟ್ ನಿಲ್ಲಿಸಿ ಆಗಷ್ಟೇ ಒಳಗೆ ಬಂದ ಕೆವ್ ಕಡೆ ತಿರುಗಿ, ‘ಕೆವ್! ಆ ಮಕ್ಕಳಿಗೆ ಒಂದು ಮಾತೂ ಹೇಳಿಲ್ವಾ ನೀನು?’ ಎಂದು ಗದರಿಸಿದರು.

ಕೆವ್ ಕೆಂಪಾದರು. ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

‘ದಿನಾ ಹೋಗಿ ತಗೋತೀನಲ್ಲ’ ಎಂದರು. ‘ಇನ್ನೇನು ಹೇಳಬೇಕು?’

ಈ ಉತ್ತರವನ್ನು ನಾನು ಕನ್ನಡದಲ್ಲೂ ಕೇಳಿದ್ದೇನೆ. ನೀವೂ ಕೇಳಿರುತ್ತೀರಿ. ದಿನಾ ಬಡಿಸಿಕೊಂಡು ತಿನ್ನುತ್ತೇನಲ್ಲ, ಇನ್ನೇನು ಹೇಳಬೇಕು?

ಮಧ್ಯಾಹ್ನ ಆ ಮೈದಾನವನ್ನು ನೀವು ನೋಡಬೇಕಿತ್ತು. ಒಂದೊಂದು ಮನೆಯಿಂದ ಒಂದೊಂದು ಟ್ರೇ. ಟವೆಲ್ ಸುತ್ತಿದ್ದು, ಐಸ್ ಇಡುವ ಡಬ್ಬದಲ್ಲಿ ಬೆಚ್ಚಗೆ ಮುಚ್ಚಿಟ್ಟಿದ್ದು, ಮಗುವಿನ ಸ್ಟ್ರಾಲರಿನಲ್ಲಿ ಕೂತು ಬಂದದ್ದು. ಕೆಲವು ಹೊಂಬಣ್ಣ, ಕೆಲವು ಇದ್ದಿಲು. ಹರ್‌ಪ್ರೀತಳ ಅತ್ತೆ ಶಾಲು ಹೊದ್ದು ಬಂದು ತಮ್ಮ ಟ್ರೇಗೆ ತಾವೇ ಕಾವಲು ನಿಂತಿದ್ದರು. ರೋಸಾ ಅಜ್ಜಿ ಇನ್ನೊಮ್ಮೆ ಮೊಟ್ಟೆ ಹಚ್ಚಿ, ಎಳ್ಳು ಉದುರಿಸಿಬಿಟ್ಟಿದ್ದರು. ಎಲ್ಲರಿಗೂ ಅವೇ ಬೇಕು! ‘ಈ ಎಳ್ಳಿನದು ಸೋಮವಾರವೂ ಸಿಗುತ್ತಾ?’ ಎಂದು ಯಾರೋ ಕೇಳಿದಾಗ ಸ್ಟ್ಯಾನಿಯ ಮುಖ ನೋಡುವಂತಿತ್ತು. ಸುಟ್ಟದ್ದನ್ನು ತಿಂದವರೂ ಗೊಣಗಲಿಲ್ಲ, ‘ಇದು ನಮ್ಮನೇದು’ ಎಂದು ಹೆಮ್ಮೆಯಿಂದ ಅಗಿದರು.

ಮೈದಾನದ ಬೇಲಿಗೆ ಒರಗಿ ನಿಂತಿದ್ದ ಲವೀನಾಳಿಗೆ ಮೌರೀನ್ ಹೇಳಿದ್ದೆಲ್ಲವನ್ನೂ ಹೇಳಿದೆ. ಅವಳು ಮೊದಲು ನಂಬಲಿಲ್ಲ. ಆಮೇಲೆ ನಕ್ಕಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು.

‘ಒಂದು ವರ್ಷ ಮಾರಾಯ್ತಿ! ಆ ಮನುಷ್ಯನ ಮುಖ ನೋಡಿ ನಾನು ಉಪ್ಪು ಕಮ್ಮಿಯಾಯ್ತಾ, ಪೆಪ್ಪರ್ ಜಾಸ್ತಿಯಾಯ್ತಾ ಅಂತ ಎಷ್ಟು ನಿದ್ದೆ ಕೆಟ್ಟಿದ್ದೇನೆ ಗೊತ್ತುಂಟಾ? ಒಂದು ಮಾತು ಹೇಳ್ಲಿಕ್ಕೆ ಎಂತ ಕಷ್ಟ ಅವರಿಗೆ?’

(ಅಂದ ಹಾಗೆ, ಕ್ಲಬ್ ಸೋತಿತು. ಹೀನಾಯವಾಗಿ. ಪೈ ಮಾತ್ರ ಒಂದೂ ಉಳಿಯಲಿಲ್ಲ.)

ಆ ಊರಿನ ಮೇಲೆ ನನಗೆ ಗೌರವ ಹುಟ್ಟಿತು. ‘ನಿಮ್ಮನ್ನು ಒಪ್ಪಿಕೊಂಡಿದ್ದೇವೆ’ ಎಂದು ಅಲ್ಲಿ ಯಾರೂ ಭಾಷಣ ಮಾಡಲಿಲ್ಲ, ಹಾರ ಹಾಕಲಿಲ್ಲ. ತಮ್ಮ ತಮ್ಮ ಅಡುಗೆಮನೆ ಬಿಟ್ಟುಕೊಟ್ಟರು, ಅಷ್ಟೇ. ಅದಕ್ಕಿಂತ ದೊಡ್ಡ ಮಾತು ಯಾವುದಿದೆ? ಸ್ಟ್ಯಾನಿ ಮೇಲೂ ಅಷ್ಟೇ ಗೌರವ. ಕೆಟ್ಟದ್ದನ್ನು ಕೆಟ್ಟಿದೆ ಎಂದು ಬಾಗಿಲಿಗೆ ಬರೆದು ಅಂಟಿಸಿದ್ದಕ್ಕೇ ತಾನೆ ಹಿಂಬಾಗಿಲು ತೆರೆದದ್ದು? ಅದೇ ಜಾಗದಲ್ಲಿ ನಾನಿದ್ದಿದ್ದರೆ ಲೈಟ್ ಆರಿಸಿ ಒಳಗೆ ಕೂತುಬಿಡುತ್ತಿದ್ದೆ.

ಹಾಗಿದ್ದರೂ ಲವೀನಾ ಕೇಳಿದ ಪ್ರಶ್ನೆ ಸಿಡ್ನಿಯವರೆಗೂ ನನ್ನ ಜೊತೆಗೇ ಬಂತು. ಓವನ್ ಕೊಡಬಲ್ಲ ಮನುಷ್ಯನಿಗೆ ಒಂದು ಮಾತು ಕೊಡಲು ಎಂತ ಕಷ್ಟ?

ಮಂಗಳವಾರ ನಾನು ಆಫೀಸಿನಲ್ಲಿದ್ದಾಗ ಅವಳ ಫೋನ್ ಬಂತು. ಓವನ್ ರಿಪೇರಿಯಾಗಿತ್ತು. ಕೆವ್ ಎಂದಿನಂತೆ ಬಂದಿದ್ದರು, ಎಂದಿನಂತೆ ಪೈ ತೆಗೆದುಕೊಂಡಿದ್ದರು. ಆದರೆ ಈ ಸಲ ಯೂಟ್ ಕಡೆಗೆ ಹೋಗದೆ ಅಂಗಡಿಯೊಳಗೇ ಸ್ಟೂಲ್ ಎಳೆದು ಕೂತು ತಿಂದರಂತೆ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಬೀದಿಯ ಕಡೆ ನೋಡುತ್ತಾ ಎರಡು ಶಬ್ದ ಹೇಳಿದರಂತೆ.

‘ನಾಟ್ ಬ್ಯಾಡ್ ಅಂದ್ರು ಮಾರಾಯ್ತಿ! ನಾಟ್ ಬ್ಯಾಡ್!’

ಲವೀನಾ ಕಿರುಚಿದ ಜೋರಿಗೆ ಚಾಟ್ಸ್‌ವುಡ್ ಆಫೀಸಿನ ಪಕ್ಕದ ಡೆಸ್ಕಿನವನು ತಿರುಗಿ ನೋಡಿದ. ಈ ದೇಶದಲ್ಲಿ ಇಷ್ಟು ವರ್ಷ ಇದ್ದವರಿಗೆ ಗೊತ್ತು, ಆಸಿ ಗಂಡಸಿನ ಬಾಯಲ್ಲಿ ಅದು ಪದ್ಮಶ್ರೀಗೆ ಸಮ.

ನಮ್ಮ ಮನೆಗಳಲ್ಲಿ ಊಟ ಮುಗಿಸಿ ಕೈ ತೊಳೆಯಲು ಏಳುವಾಗ, ಅಷ್ಟಾದರೂ ಹೇಳುವವರು ಎಷ್ಟು ಜನ?