ಮಂಗಳವಿಲ್ಲದ ತಂಬೂರಿ

ನಾನು ಜನರಿಗೆ ನಿದ್ದೆ ಬರಿಸುವ ಸಂಗೀತ ಮಾಡುತ್ತೇನೆ. ಬೇರೆ ಸಂಗೀತಗಾರರು ಕೇಳುವವರು ತೂಕಡಿಸಿದರೆ ಸಿಟ್ಟಾಗುತ್ತಾರೆ, ನನ್ನ ಗಂಡ ಸಿಹಿ ಹಂಚುತ್ತಾನೆ ಎಂದು ಹೆಂಡತಿ ನೆಂಟರ ಮುಂದೆ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ, ಸುಳ್ಳೇನಲ್ಲ. ಚಾಮರಾಜನಗರದ ನಮ್ಮ ಮನೆಯ ಮಹಡಿಯಲ್ಲಿ ಒಂದು ಕೋಣೆ ಇದೆ. ಬೀದಿಯ ಆಟೋ ಸದ್ದು ಒಳಗೆ ಬಾರದಂತೆ ಗೋಡೆಗೆ ಹಳೆಯ ಹಾಸಿಗೆ, ಕಂಬಳಿ ಹೊಡೆದಿದ್ದೇನೆ. ಎರಡು ಕೀಬೋರ್ಡು, ಬಿದಿರಿನ ಕೊಳಲು, ಹೆಬ್ಬೆರಳಿನಲ್ಲಿ ಮೀಟುವ ಆಫ್ರಿಕಾದ ಒಂದು ಪುಟ್ಟ ಪೆಟ್ಟಿಗೆ ವಾದ್ಯ, ಟಿಬೆಟಿನವರ ಕಂಚಿನ ಬಟ್ಟಲು, ಇಷ್ಟೇ ನನ್ನ ಬಂಡವಾಳ.

ನಾನು ಮಾಡುವುದರಲ್ಲಿ ತಾಳವಿಲ್ಲ, ಸಾಹಿತ್ಯವಿಲ್ಲ, ಮುಖ್ಯವಾಗಿ ಕೊನೆಯಿಲ್ಲ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಕೇಳುವವರಿಗೆ ಗೊತ್ತಾಗಬಾರದು, ಗೊತ್ತಾದರೆ ಎಚ್ಚರವಾಗುತ್ತದೆ. ನಾದದ ಬಾಲವನ್ನು ಅದರ ತಲೆಗೇ ಗಂಟು ಹಾಕಿಬಿಟ್ಟರೆ ಸುಮ್ಮನೆ ಸುತ್ತುತ್ತಿರುತ್ತದೆ. ಆ ಗಂಟು ಕಾಣದ ಹಾಗೆ ಹಾಕುವುದೇ ನನ್ನ ಕಸುಬು. ಗುಂಡ್ಲುಪೇಟೆಯ ಹಲ್ಲಿನ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿನಲ್ಲಿ ದಿನವಿಡೀ ನನ್ನದನ್ನೇ ಹಾಕುತ್ತಾರೆ.

ಇದಕ್ಕೆ ತದ್ವಿರುದ್ಧ ನಮ್ಮ ಸೋದರಮಾವ. ಚಂದಕವಾಡಿಯ ಹತ್ತಿರ ಅವನ ಊರು. ತಂಬೂರಿ ಹಿಡಿದು ಮನೆಮನೆಯ ಅಂಗಳದಲ್ಲಿ ದೇವರ ಕತೆ ಹಾಡುವವನು. ಮೊದಲು ದೇವರನ್ನೂ ಕತೆಯೊಳಗಿನ ಹಿರಿಯರನ್ನೂ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಅಂಗಳಕ್ಕೆ ಕರೆಯುತ್ತಿದ್ದ. ಕತೆ ಮುಗಿದ ಮೇಲೆ ಮಂಗಳದ ಪದ ಹಾಡಿ ಅಷ್ಟೂ ಜನರನ್ನು ಬೀಳ್ಕೊಡುತ್ತಿದ್ದ. ಚಿಕ್ಕವರಾಗಿದ್ದ ನಾವು ಅಷ್ಟರಲ್ಲಿ ಮಲಗಿರುತ್ತಿದ್ದೆವು. ಹಾಗೆ ಬಿಡುವವನಲ್ಲ ಅವನು. ತಂಬೂರಿ ಮೀಟುತ್ತಲೇ ಕಣ್ಣು ಕಿರಿದು ಮಾಡಿ ಒಂದು ನೋಟ ನೋಡುತ್ತಿದ್ದ, ಅತ್ತೆ ನಮ್ಮನ್ನು ಅಲ್ಲಾಡಿಸಿ ಎಬ್ಬಿಸುತ್ತಿದ್ದಳು. ಯಾಕೆ ಏಳಬೇಕು ಎಂದು ಒಮ್ಮೆ ಗೊಣಗಿದ್ದಕ್ಕೆ ಮಾವ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ಕರ್ದೋರ್ನ ಕಳಿಸ್ಕೊಟ್ಟೇ ತಂಬೂರಿ ಕೆಳೀಕ್ ಮಡುಗ್ಬೇಕು ಕಣ್ಲಾ. ಇಲ್ದಿದ್ರೆ ಅವ್ರು ಎತ್ತಗೆ ಓದಾರು?"

ಹೋದ ವರ್ಷ ತನ್ನ ಮನೆಯ ಅಂಗಳದಲ್ಲೇ ಹಾಡುತ್ತಿದ್ದಾಗ, ಕತೆಯ ನಡುವೆ ಮಾವನಿಗೆ ಲಕ್ವ ಹೊಡೆಯಿತು. ತಂಬೂರಿ ಮೀಟುವ ಬಲಗೈ ಬಿತ್ತು, ನಾಲಿಗೆಯೂ ಬಿತ್ತು. ಕತೆ ಮಂಗಳದವರೆಗೆ ಹೋಗಲೇ ಇಲ್ಲ. ಮೈಸೂರಿನ ಆಸ್ಪತ್ರೆಯಿಂದ ಕರೆತಂದು ನಡುಮನೆಯ ಮಂಚದ ಮೇಲೆ ಮಲಗಿಸಿದೆವು. ಜೀವ ಉಳಿಯಿತು, ನಿದ್ದೆ ಉಳಿಯಲಿಲ್ಲ. ಮಾತ್ರೆ ಕೊಟ್ಟರೂ ಕಣ್ಣು ಮುಚ್ಚುತ್ತಿರಲಿಲ್ಲ, ತೆರೆದ ಬಾಗಿಲಿನಾಚೆ ಅಂಗಳವನ್ನೇ ನೋಡುತ್ತಿದ್ದ. ನೋಟ ಒಂದೇ ಕಡೆ ನಿಲ್ಲುತ್ತಿರಲಿಲ್ಲ, ಸಾಲಾಗಿ ನಿಂತವರ ಮುಖ ನೋಡಿಕೊಂಡು ಹೋಗುವ ಹಾಗೆ ಎಡದಿಂದ ಬಲಕ್ಕೆ ಸರಿಯುತ್ತಿತ್ತು. ಅಂಗಳದಲ್ಲಿ ಕೋಳಿ ಬಿಟ್ಟರೆ ಏನೂ ಇರಲಿಲ್ಲ.

ಕಾಯಿಲೆಗೆ ಮುಂಚೆ ಮಾವನನ್ನು ನನ್ನ ಕೋಣೆಗೆ ಕರೆಸಿ ಬರೀ ತಂಬೂರಿಯ ನಾದ ರೆಕಾರ್ಡ್ ಮಾಡಿಟ್ಟಿದ್ದೆ. ಈಗ ಅದರ ಅಡಿಗೆ ಕೀಬೋರ್ಡಿನ ಒಂದು ತಗ್ಗು ಸ್ವರ ಹಾಸಿ, ಮೇಲೆ ಅಲ್ಲೊಮ್ಮೆ ಇಲ್ಲೊಮ್ಮೆ ಕಂಚಿನ ಬಟ್ಟಲಿನ ನಾದ ಸೇರಿಸಿ, ಗಂಟು ಹಾಕಿ, ಒಂದು ಸ್ಪೀಕರಿನ ಜೊತೆ ಒಯ್ದು ಅವನ ತಲೆದೆಸೆಯಲ್ಲಿಟ್ಟೆ. ಸ್ವಲ್ಪ ಹೊತ್ತಿಗೇ ಮಾವನಿಗೆ ನಿದ್ದೆ ಹತ್ತಿತು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಅಂದಿನಿಂದ ಸ್ಪೀಕರು ಹಗಲೂ ರಾತ್ರಿ ನಡೆಯಿತು.

ಅದನ್ನೇ ಗುಂಡ್ಲುಪೇಟೆಯ ಡಾಕ್ಟರಿಗೂ ಕಳಿಸಿದ್ದೆ. ಕೆಲವು ವಾರದ ಮೇಲೆ ಅವರು ಫೋನ್ ಮಾಡಿ, ಆ ತಂಬೂರಿಯದ್ದೊಂದು ಬೇಡ ಎಂದರು. ಕಾಯುತ್ತಾ ಕೂತವರು ಪಕ್ಕದ ರೂಮಿನಲ್ಲಿ ಯಾರು ನಿಂತಿದ್ದಾರೆ ಎಂದು ಕೇಳುತ್ತಾರಂತೆ. ಪಕ್ಕದಲ್ಲಿ ರೂಮೇ ಇಲ್ಲವಂತೆ. ಹಲ್ಲು ನೋವಿನವರ ತಲೆ ಎಲ್ಲಿ ನೆಟ್ಟಗಿರುತ್ತದೆ ಎಂದು ನಾನು ನಕ್ಕೆ.

ನಕ್ಕವನು ಹೆಡ್‌ಫೋನ್ ಹಾಕಿಕೊಂಡು ಕೂತೆ. ಒಂದು ಮೀಟಿಗೂ ಇನ್ನೊಂದು ಮೀಟಿಗೂ ನಡುವೆ ಬಹಳ ಸಣ್ಣದಾಗಿ ಒಂದು ಸದ್ದಿತ್ತು. ಬಹಳ ಹೊತ್ತು ನಿಂತವರು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುವ ಸದ್ದು, ಮಣ್ಣಿನ ನೆಲದ ಮೇಲೆ. ನನ್ನ ಕೋಣೆಯ ನೆಲಕ್ಕೆ ಟೈಲ್ಸ್ ಹಾಕಿಸಿದ್ದೇನೆ. ತಂಬೂರಿಯ ಮರ ಒಣಗಿ ಬಿರಿದಿರಬೇಕು ಎಂದುಕೊಂಡು ಆ ಜಾಗ ಕತ್ತರಿಸಿ ಮತ್ತೆ ಹಾಕಿದೆ. ಸದ್ದು ಇನ್ನೊಂದು ಕಡೆ ಬಂತು. ಈ ಸಲ ಒಬ್ಬರದಲ್ಲ. ನನಗೆ ನಿಜವಾಗಿ ಭಯವಾಯಿತು, ಕೆಳಗಿಳಿದು ಹೋಗಿ ಅಡುಗೆಮನೆಯಲ್ಲಿ ಹೆಂಡತಿಯ ಪಕ್ಕ ನಿಂತೆ.

ಮಾರನೆಯ ಸಂಜೆ ಮಾವನ ಊರಿಗೆ ಹೋದೆ. ಅತ್ತೆ ಅಂಗಳ ಗುಡಿಸಿ ನೀರು ಚಿಮುಕಿಸಿ, ಮನೆಯಲ್ಲಿದ್ದ ಚಾಪೆಗಳನ್ನೆಲ್ಲ ಸಾಲಾಗಿ ಹಾಸಿದ್ದಳು. ಕೊನೆಯಲ್ಲಿ ಒಂದು ಚೊಂಬು ನೀರು. ಯಾರು ಬರುತ್ತಾರೆ ಎಂದು ಕೇಳಿದೆ. ಹೊಸದಾಗಿ ಯಾರೂ ಬರುವುದಿಲ್ಲ ಎಂದಳು.

"ಎಷ್ಟೊತ್ತೂಂತ ನಿಂತಾರು ಕಣಪ್ಪ. ಕುಂತ್ಕಳ್ಳಿ ಅಂತ."

ಹೆಡ್‌ಫೋನಿನಲ್ಲಿ ಕೇಳಿದ ಸದ್ದಿನ ಬಗ್ಗೆ ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಆಮೇಲೆ ಅವಳು ಮಂಗಳದ ಪದ ನನ್ನ ಫೋನಿನಲ್ಲಿ ಇದೆಯಾ ಎಂದು ವಿಚಾರಿಸಿದಳು. ಇತ್ತು. ನನ್ನ ಮಗಳ ನಾಮಕರಣದಲ್ಲಿ ಮಾವ ಹಾಡಿದ್ದರ ಕೊನೆಯನ್ನು ಹಿಡಿದಿಟ್ಟುಕೊಂಡಿದ್ದೆ. ಈಗಲೇ ಹಾಕುತ್ತೇನೆ ಎಂದು ಫೋನ್ ತೆಗೆದರೆ ಅತ್ತೆ ನನ್ನ ಮಣಿಕಟ್ಟು ಹಿಡಿದಳು.

"ಅದ ಆಕುದ್ರೆ ಅವ್ರು ಮಾತ್ರ ಓಗಲ್ಲ ಕಣಪ್ಪ. ನಿಮ್ ಮಾವ್ನೂ ಜೊತೇಲಿ ಒಂಟೋಯ್ತರೆ. ಯೋಚ್ನೆ ಮಾಡ್ಬುಟ್ಟು ಆಕು."

ಯೋಚನೆ ಮಾಡಿದೆ, ಅಂದರೆ ತಪ್ಪಿಸಿಕೊಂಡೆ. ಆ ರೆಕಾರ್ಡಿಂಗ್ ಸರಿಯಿಲ್ಲ, ಗದ್ದಲ ತೆಗೆಯಬೇಕು ಎಂದೆಲ್ಲ ನೆಪ ಹೇಳಿದೆ. ಅಪ್ಪನಿಲ್ಲದ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ಅವನು. ನನ್ನ ಕೈಯಾರೆ ಹೇಗೆ ಕಳಿಸಲಿ? ಮಾವ ಒಂದು ಚಮಚ ಗಂಜಿಗೂ ಕಷ್ಟಪಡುವಂತಾದ. ಅದೇ ನಾದದಲ್ಲಿ ಮಲಗಿ ಅದೇ ನಾದದಲ್ಲಿ ಏಳುತ್ತಿದ್ದ. ಹೋದಾಗಲೆಲ್ಲ ಅಂಗಳದಲ್ಲಿ ಚಾಪೆ ಹಾಸಿರುತ್ತಿತ್ತು, ನಾನು ಅದನ್ನು ತುಳಿಯದೆ ಗೋಡೆಯ ಪಕ್ಕದಿಂದ ಒಳಗೆ ಹೋಗುವುದನ್ನು ಕಲಿತೆ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಮಂಚದ ಪಕ್ಕ ಕೂತಿದ್ದೆ. ಮಾವ ಎಡಗೈಯನ್ನು ನಿಧಾನವಾಗಿ ಎತ್ತಿ ಸ್ಪೀಕರಿನ ಮೇಲಿಟ್ಟು, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ. ಮಲಗಿದ ಹುಡುಗರನ್ನು ಮಂಗಳಕ್ಕೆ ಎಬ್ಬಿಸುತ್ತಿದ್ದ ನೋಟವೇ ಅದು. ನನಗೆ ಅಳು ಬಂತು. ಅತ್ತೆ ನನ್ನ ಮುಖ ನೋಡಿದವಳು ಹೋಗಿ ಬಾಗಿಲಿನ ಎರಡೂ ಕದ ತೆರೆದಳು.

ಗಂಟು ಬಿಚ್ಚಿದೆ. ತಂಬೂರಿ ಬಾಲದವರೆಗೆ ಹೋಗಿ, ತಿರುಗದೆ ನಿಂತಿತು. ತಿಂಗಳುಗಟ್ಟಲೆ ನಡೆದ ಸದ್ದು ನಿಂತಾಗ ಮನೆ ಒಮ್ಮೆಲೇ ದೊಡ್ಡದಾದಂತೆ ಕಂಡಿತು. ಫೋನಿನ ಮಂಗಳ ಹಾಕಿದೆ. ಹಿಂದೆ ಮಕ್ಕಳ ಗಲಾಟೆ, ಪಾತ್ರೆ ಸದ್ದು, ಅದರ ನಡುವೆ ಮಾವನ ಗಟ್ಟಿ ದನಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಹೋಗಿಬನ್ನಿ ಎಂದು ಕಳಿಸತೊಡಗಿತು. ಕಂಬಳಿಯ ಮೇಲೆ ಅವನ ಎಡಗೈ ಬೆರಳುಗಳು, ಅಲ್ಲಿ ಇಲ್ಲದ ತಂತಿಯನ್ನು ಮೀಟುತ್ತಿದ್ದವು. ಅದನ್ನು ನೋಡಲಾಗದೆ ಎದ್ದು ಬಂದು ಬಾಗಿಲ ಹೊಸ್ತಿಲ ಮೇಲೆ ನಿಂತೆ. ಅಂಗಳದಲ್ಲಿ ಒಂದು ಚಾಪೆಯ ಅಂಚು ಏಳುತ್ತಿತ್ತು, ಇಳಿಯುತ್ತಿತ್ತು. ಆಮೇಲೆ ಅದರ ಪಕ್ಕದ್ದು. ಗಾಳಿ ಇತ್ತೋ ಇಲ್ಲವೋ ನಾನು ಗಮನಿಸಲಿಲ್ಲ. ದಾರಿಯಲ್ಲಿ ಮಲಗಿದ್ದ ನೆರೆಮನೆಯ ನಾಯಿ ಎದ್ದು ಬೇಲಿಯ ಕಡೆ ಸರಿದು ನಿಂತಿತು.

ಪದ ಮುಗಿಯಿತು. ಕೊನೆಯ ಚಾಪೆಯೂ ಸುಮ್ಮನಾಯಿತು. ಒಳಗೆ ಮಾವನ ಬೆರಳು ನಿಂತಿದ್ದವು, ಕಣ್ಣು ಇನ್ನೂ ಬಾಗಿಲಿನತ್ತ ಇತ್ತು, ಎದೆ ತಡೆತಡೆದು ಏಳುತ್ತಿತ್ತು. ಹೋಗಲು ಇನ್ನೇನು ಅಡ್ಡಿ ಎಂದು ನನಗೆ ತಿಳಿಯಲಿಲ್ಲ. ಅತ್ತೆ ಸೆರಗು ಹೊದ್ದು, ನೆಂಟರನ್ನು ಕಳಿಸುವಾಗ ನಿಲ್ಲುವ ಹಾಗೆ ಗೋಡೆಗೆ ಒತ್ತಿ ನಿಂತಿದ್ದಳು. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು.

"ಒಸ್ಲು ಮೇಲೆ ನಿಂತ್ಕಬ್ಯಾಡ ಕಣಪ್ಪ. ದಾರಿ ಬುಡು."

ನಾನು ಪಕ್ಕಕ್ಕೆ ಸರಿದೆ.